ಚೌಕಿ ಎಲ್ಲಿ? – ಗಡಿನಾಡಿನಲ್ಲಿ ಕಲಾಕೇಂದ್ರ ಕಟ್ಟುವ ಮುನ್ನ

ಕಾಸರಗೋಡು ಜಿಲ್ಲೆಯ ಒಂದು ಹಳ್ಳಿಯಲ್ಲಿ, ಕನ್ನಡ ಮಾಧ್ಯಮ ಶಾಲೆಯೊಂದರ ಜಗಲಿಯಲ್ಲಿ, ಊರವರ ಸಭೆ ಸೇರಿತ್ತು. ಕಲಾಕೇಂದ್ರವೊಂದನ್ನು ಕಟ್ಟುವ ವಿಚಾರ. ನಿವೇಶನ ದಾನವಾಗಿ ದೊರೆತಿತ್ತು. ಅನುದಾನದ ಭರವಸೆಯೂ ಸಿಕ್ಕಿತ್ತು. ತರುಣ ಎಂಜಿನಿಯರರು ನಕಾಶೆ ಬಿಡಿಸಿ ವಿವರಿಸಿದರು: 500 ಕುರ್ಚಿಗಳ ಸಭಾಂಗಣ, ಎತ್ತರದ ವೇದಿಕೆ, ಅದರ ಹಿಂಬದಿಗೆ ಕನ್ನಡಿ ಜೋಡಿಸಿದ ಎರಡು ಸಣ್ಣ ಕೋಣೆಗಳು, ಕೆಳಗೆ ಊಟದ ಹಾಲು. ಎಲ್ಲರೂ ತಲೆದೂಗುತ್ತಿದ್ದಾಗ, ಹಿಂದಿನ ಬೆಂಚಿನಲ್ಲಿದ್ದ ಹಿರಿಯ ಬಣ್ಣದ ವೇಷಧಾರಿಯೊಬ್ಬರು ಎದ್ದು ಕೇಳಿದರು: “ಎಲ್ಲ ಸರಿ ಮಾರಾಯರೇ, ಚೌಕಿ ಎಲ್ಲಿ? ಮಹಿಷಾಸುರ ಬರುವುದು ಯಾವ ದಾರಿಯಾಗಿ?”

ಸಭೆ ನಕ್ಕಿತು. ಆದರೆ ಆ ಎರಡು ಪ್ರಶ್ನೆಗಳಿಗೆ ನಕಾಶೆಯಲ್ಲಿ ಉತ್ತರವಿರಲಿಲ್ಲ. ಕ್ಷೇತ್ರಕಾರ್ಯಕ್ಕೆಂದು ಅಲ್ಲಿಗೆ ಹೋಗಿದ್ದ ನನಗೆ, ಆ ದಿನದ ಟಿಪ್ಪಣಿಗಳಲ್ಲಿ ಇಂದಿಗೂ ಬೆಲೆಬಾಳುವಂತೆ ಕಾಣುವುದು ಇವೆರಡೇ. ಒಂದು ಸೀಮೆಯ ಕಲೆ ಎಲ್ಲಿ ಕುಳಿತು ಕಲಿಯಲ್ಪಡುತ್ತದೆ, ಯಾವ ದಾರಿಯಾಗಿ ಜನರ ನಡುವೆ ಬರುತ್ತದೆ ಎಂಬುದನ್ನು ಅರಿಯದೆ ಕಟ್ಟಿದ ಕಲಾಕೇಂದ್ರ ಕೆಲವೇ ವರ್ಷಗಳಲ್ಲಿ ಮದುವೆಯ ಮಂಟಪವಾಗುತ್ತದೆ. ಗಡಿಯಾಚೆಯ ಕನ್ನಡಿಗರಿಗೆ ಇದು ಸಣ್ಣ ನಷ್ಟವಲ್ಲ. ದೊಡ್ಡ ಸಂಖ್ಯೆಯ ಸಮುದಾಯಕ್ಕೆ ಒಂದು ಕಟ್ಟಡ ತಪ್ಪಿದರೆ ಇನ್ನೊಂದಿದೆ; ಅಲ್ಪಸಂಖ್ಯಾತ ಭಾಷಿಕರಿಗೆ ಸ್ಥಳದಾನ, ಅನುದಾನ, ಊರವರ ಒಮ್ಮತ ಇವು ಮೂರೂ ಒಟ್ಟಿಗೆ ಒದಗುವುದು ಒಂದು ತಲೆಮಾರಿಗೆ ಒಮ್ಮೆ. ಆದುದರಿಂದ ಕಾಸರಗೋಡನ್ನು ಉದಾಹರಣೆಯಾಗಿ ಇಟ್ಟುಕೊಂಡು, ಇಂಥ ಕೇಂದ್ರದ ಯೋಜನೆ ಎಲ್ಲಿಂದ ತೊಡಗಬೇಕೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಚೌಕಿಯೆಂಬ ಪಾಠಶಾಲೆ

ಕಾಸರಗೋಡು ಸೀಮೆ ತೆಂಕುತಿಟ್ಟು ಯಕ್ಷಗಾನದ ತವರುಗಳಲ್ಲಿ ಒಂದು. ಕುಂಬಳೆಯ ಪಾರ್ತಿಸುಬ್ಬನ ಕರ್ತೃತ್ವದ ಬಗ್ಗೆ ಶಿವರಾಮ ಕಾರಂತರಿಗೂ ಕುಕ್ಕಿಲ ಕೃಷ್ಣ ಭಟ್ಟರಿಗೂ ಭಿನ್ನಾಭಿಪ್ರಾಯವಿತ್ತು. ಆದರೆ ಅವನ ಹೆಸರಿನಲ್ಲಿ ಬಂದ ರಾಮಾಯಣ ಪ್ರಸಂಗಗಳು ಇಂದಿಗೂ ರಂಗದಲ್ಲಿ ಜೀವಂತವಾಗಿವೆ ಎಂಬುದರಲ್ಲಿ ವಿವಾದವಿಲ್ಲ. ಇಲ್ಲಿನ ಕಲಾಕೇಂದ್ರವೆಂದರೆ ಮೊದಲು ನೆನಪಿಗೆ ಬರುವುದು ಯಕ್ಷಗಾನವೇ.

ಆಟದ ಬಯಲಿನಲ್ಲಿ ರಂಗಸ್ಥಳದಿಂದ ತುಸು ಹಿಂದೆ ಹಾಕುವ ನೀಳವಾದ ಚಪ್ಪರವನ್ನು ಚೌಕಿ ಎನ್ನುತ್ತಾರೆ. ಅದರ ತಲೆಯಲ್ಲಿ ಗಣಪತಿಯ ಸ್ಥಾನ. ಅಲ್ಲಿಂದ ಎರಡೂ ಬದಿಗೆ ವೇಷಧಾರಿಗಳು ತಮ್ಮ ತಮ್ಮ ವೇಷದ ಅಂತಸ್ತಿಗೆ ತಕ್ಕಂತೆ ಸಾಲಾಗಿ ನೆಲದ ಮೇಲೆ ಕುಳಿತು, ಕನ್ನಡಿ ಮುಂದಿಟ್ಟುಕೊಂಡು, ತಮ್ಮ ಬಣ್ಣವನ್ನು ತಾವೇ ಬರೆದುಕೊಳ್ಳುತ್ತಾರೆ. ರಾಜವೇಷ, ಪುಂಡುವೇಷ, ಸ್ತ್ರೀವೇಷ, ಬಣ್ಣದ ವೇಷ, ಹಾಸ್ಯ – ಒಬ್ಬೊಬ್ಬರಿಗೂ ಒಂದೊಂದು ನೆಲೆ. ಬಣ್ಣದ ವೇಷದವನು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಟ್ಟಿ ಇಡುತ್ತ ಗಂಟೆಗಟ್ಟಲೆ ಕುಳಿತಿರುತ್ತಾನೆ. ಆಗಷ್ಟೇ ಮೇಳಕ್ಕೆ ಸೇರಿದ ಹುಡುಗ ಸಾಲಿನ ತುದಿಯಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಾನೆ. ಯಾರೂ ಅವನಿಗೆ ಪಾಠ ಹೇಳುವುದಿಲ್ಲ; ಆದರೆ ಕಸೆ ಕಟ್ಟುವ ಬಿಗಿ, ಕಿರೀಟದ ತೂಕ, ಹಿರಿಯರು ಇಂದಿನ ಪ್ರಸಂಗದ ಸಂವಾದವನ್ನು ಮೆಲುದನಿಯಲ್ಲಿ ಹೊಂದಿಸಿಕೊಳ್ಳುವ ಬಗೆ, ಇವೆಲ್ಲ ಅವನ ಕಣ್ಣು ಕಿವಿಗಳಿಗೆ ಇಳಿಯುತ್ತವೆ.

ರಂಗಸ್ಥಳದಲ್ಲೂ ಇಂಥದೇ ಏರುಮೆಟ್ಟಿಲು ಇತ್ತು. ಮುಖ್ಯ ಕಥೆಗೆ ಮೊದಲಿನ ಪೂರ್ವರಂಗದಲ್ಲಿ ಕೋಡಂಗಿಯಾಗಿ ಕುಣಿದ ಬಾಲಕ ಬಾಲಗೋಪಾಲನಾಗುತ್ತಾನೆ, ಬಳಿಕ ಸಣ್ಣ ಪುಟ್ಟ ವೇಷಗಳನ್ನು ಮಾಡುತ್ತ ಪುಂಡುವೇಷದವರೆಗೆ ಬೆಳೆಯುತ್ತಾನೆ. ಇಡೀ ರಾತ್ರಿಯ ಆಟ ಕಾಲಮಿತಿಯ ಪ್ರಯೋಗವಾಗಿ ಮೊಟಕಾದಾಗ ಮೊದಲು ಕತ್ತರಿ ಬಿದ್ದದ್ದು ಪೂರ್ವರಂಗಕ್ಕೆ. ಪ್ರೇಕ್ಷಕನಿಗೆ ಅದರಿಂದ ಉಳಿತಾಯವಾದದ್ದು ಒಂದೆರಡು ಗಂಟೆ. ಕಲಿಯುವವನು ಕಳೆದುಕೊಂಡದ್ದು ರಂಗಪ್ರವೇಶದ ಬಾಗಿಲನ್ನು.

ಈಗ ಆ ನಕಾಶೆಯ ಎರಡು ಸಣ್ಣ ಕೋಣೆಗಳನ್ನು ನೆನೆಯಿರಿ. ಗೋಡೆಗೆ ಜೋಡಿಸಿದ ಕನ್ನಡಿಯ ಎದುರು ಒಬ್ಬೊಬ್ಬರೇ ಕುರ್ಚಿಯ ಮೇಲೆ ಕೂರುವ ಆ ವ್ಯವಸ್ಥೆಯಲ್ಲಿ ವೇಷ ಸಿದ್ಧವಾಗಬಹುದು, ಪರಂಪರೆ ಮುಂದುವರಿಯಲಾರದು. ಯಕ್ಷಗಾನಕ್ಕಾಗಿ ಕಟ್ಟುವ ಕೇಂದ್ರದಲ್ಲಿ ಮೊದಲು ಗೆರೆ ಎಳೆಯಬೇಕಾದುದು ನೀಳವಾದ, ಗಾಳಿ ಬೆಳಕು ಆಡುವ, ನೆಲದಲ್ಲಿ ಕುಳಿತುಕೊಳ್ಳುವ ಒಂದು ದೊಡ್ಡ ಕೋಣೆಗೆ. ಆಟವಿಲ್ಲದ ದಿನ ಅದೇ ಕೋಣೆ ನಾಟ್ಯದ ತರಗತಿಯಾಗುತ್ತದೆ, ಬಣ್ಣಗಾರಿಕೆಯ ಶಿಬಿರವಾಗುತ್ತದೆ. ಮಕ್ಕಳು ಒಂದು ಬದಿಯಲ್ಲಿ ಕುಳಿತು ನೋಡುವಷ್ಟು ಸ್ಥಳ ಅದರಲ್ಲಿರಬೇಕು. ಕೇಂದ್ರದ ಪ್ರತಿ ಪ್ರಯೋಗಕ್ಕೂ ಅರ್ಧ ಗಂಟೆಯ ಪೂರ್ವರಂಗವನ್ನು ಕಲಿಯುವವರಿಗೆಂದೇ ಮೀಸಲಿಟ್ಟರೆ ಮುಚ್ಚಿಹೋದ ಬಾಗಿಲು ಮತ್ತೆ ತೆರೆಯುತ್ತದೆ.

ಮಹಿಷಾಸುರನ ದಾರಿ ಎರಡನೆಯ ಮಾತು. ದೇವೀಮಹಾತ್ಮ್ಯೆಯ ಆಟದಲ್ಲಿ ಮಹಿಷಾಸುರ ದೊಂದಿಗಳ ಬೆಳಕಿನಲ್ಲಿ, ಸಭೆಯ ಹಿಂಬದಿಯಿಂದ, ಜನರ ನಡುವೆ ಅಬ್ಬರಿಸುತ್ತ ರಂಗಸ್ಥಳಕ್ಕೆ ಬರುತ್ತಾನೆ. ಪ್ರೇಕ್ಷಕರನ್ನೂ ರಂಗವನ್ನೂ ಬೇರ್ಪಡಿಸದಿರುವುದೇ ಈ ಕಲೆಯ ಗುಣ. ನೆಲಕ್ಕೆ ಬಿಗಿದ ಕುರ್ಚಿಗಳ ಸಾಲು, ಆಳೆತ್ತರದ ವೇದಿಕೆ, ಮೂರು ಬದಿಯ ಗೋಡೆ – ಇವು ಆ ಪ್ರವೇಶವನ್ನು ಅಸಾಧ್ಯಗೊಳಿಸುತ್ತವೆ. ಮೂರು ದಿಕ್ಕಿಗೆ ತೆರೆದ, ತಗ್ಗಾದ ರಂಗಸ್ಥಳ, ಎತ್ತಿಡಬಹುದಾದ ಆಸನಗಳು, ಹಿಂಬಾಗಿಲಿನಿಂದ ರಂಗಕ್ಕೆ ನೇರವಾದ ಅಗಲ ದಾರಿ ಇವಿಷ್ಟಿದ್ದರೆ ಸಾಕು. ಅದಕ್ಕೆ ತಗಲುವ ವೆಚ್ಚವೂ ಕಡಮೆ.

ಮಳೆಗಾಲದ ಅರ್ಧ ವರ್ಷ

ನಮ್ಮ ಯೋಜನೆಗಳು ಪ್ರದರ್ಶನದ ದಿನಗಳನ್ನಷ್ಟೇ ಎಣಿಸುತ್ತವೆ. ಕರಾವಳಿಯಲ್ಲಿ ಮೇಳಗಳು ದೀಪಾವಳಿಯ ಬಳಿಕ ಹೊರಟು, ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯಂದು ಗೆಜ್ಜೆ ಬಿಚ್ಚುತ್ತವೆ. ಆಮೇಲಿನ ತಿಂಗಳುಗಳು ಮಳೆಯವು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ನಾಡಿನಲ್ಲಿ ಹಿಂದಿನವರು ಆ ಕಾಲವನ್ನು ವ್ಯರ್ಥಗೊಳಿಸಲಿಲ್ಲ. ಮನೆಯ ಚಾವಡಿಯಲ್ಲಿ, ದೇವಸ್ಥಾನದ ಗೋಪುರದಲ್ಲಿ ತಾಳಮದ್ದಳೆ ನಡೆಸಿದರು.

ಬೇರೆ ಗಡಿಗಳ ಓದುಗರಿಗಾಗಿ ಒಂದು ವಿವರಣೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಕರ್ಣನಾಗಿ, ಕೃಷ್ಣನಾಗಿ, ವಾಲಿಯಾಗಿ ಆ ಪದ್ಯದ ಆಶಯವನ್ನು ಆಶುವಾಗಿ ಮಾತಿನಲ್ಲಿ ಬೆಳೆಸುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ. ತರ್ಕ, ಪುರಾಣಜ್ಞಾನ, ವ್ಯಂಗ್ಯ, ಭಾವ ಎಲ್ಲವೂ ಆ ಕ್ಷಣದ ಕನ್ನಡದಲ್ಲಿ ಮೂಡಬೇಕು. ಕಾಸರಗೋಡಿನ ನೆಲದಿಂದಲೇ ಬಂದ ಶೇಣಿ ಗೋಪಾಲಕೃಷ್ಣ ಭಟ್ಟರು ಈ ಕಲೆಯಲ್ಲಿ ತಲುಪಿದ ಎತ್ತರ ಕನ್ನಡ ವಾಗ್ಮಿತೆಯ ಇತಿಹಾಸಕ್ಕೇ ಸೇರಿದ್ದು.

ಭಾಷಾ ಅಲ್ಪಸಂಖ್ಯಾತರ ದೃಷ್ಟಿಯಿಂದ ತಾಳಮದ್ದಳೆಗೆ ಇನ್ನೂ ಒಂದು ಮಹತ್ತ್ವವಿದೆ. ಕಾಸರಗೋಡನ್ನು ಸಪ್ತಭಾಷೆಗಳ ಸಂಗಮಭೂಮಿ ಎನ್ನುತ್ತೇವೆ. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ ಅಥವಾ ಹವ್ಯಕ ಕನ್ನಡವನ್ನಾಡುವ ಅನೇಕರಿಗೆ ಶಿಷ್ಟ ಕನ್ನಡವು ಶಾಲೆಯ ಮತ್ತು ಸಭೆಯ ಭಾಷೆ. 1956ರ ನವೆಂಬರ್ 1ರಂದು ಈ ತಾಲೂಕು ಕೇರಳಕ್ಕೆ ಸೇರಿದ ಮೇಲೆ ಕಚೇರಿಯ ಭಾಷೆ ಕ್ರಮೇಣ ಮಲಯಾಳವಾಯಿತು. ಶಾಲೆ ಬಿಟ್ಟ ಯುವಕನಿಗೆ ಕನ್ನಡದಲ್ಲಿ ಗಂಭೀರವಾಗಿ ಮಾತನಾಡುವ, ಕೇಳುವ ಸಾರ್ವಜನಿಕ ಸಂದರ್ಭಗಳು ಬೆರಳೆಣಿಕೆಗೆ ಇಳಿದಿವೆ. ಅವುಗಳಲ್ಲಿ ತಾಳಮದ್ದಳೆ ಒಂದು. ವೇಷವನ್ನು ಭಾಷೆ ತಿಳಿಯದವನೂ ನೋಡಿ ಆನಂದಿಸಬಹುದು. ಅರ್ಥಗಾರಿಕೆಗೆ ಕನ್ನಡ ಬಲ್ಲ ಕೇಳುಗನೇ ಬೇಕು. ಆ ಕೇಳುಗನನ್ನು ಬೆಳೆಸುವುದು ಕೇಂದ್ರದ ಮೊದಲ ಕೆಲಸವಾಗಬೇಕು.

ಇದರಿಂದ ಕಟ್ಟಡಕ್ಕೆ ಏನು ಬೇಕೆಂಬುದೂ ಸ್ಪಷ್ಟವಾಗುತ್ತದೆ. ತಾಳಮದ್ದಳೆಗೆ 500 ಆಸನ ಬೇಡ. 80ರಿಂದ 100 ಮಂದಿ ಹತ್ತಿರ ಕುಳಿತುಕೊಳ್ಳುವ ಚಾವಡಿ ಸಾಕು. ಆದರೆ ಅಲ್ಲಿ ಮಾತು ಸ್ಪಷ್ಟವಾಗಿ ಕೇಳಿಸಬೇಕು. ಮಾತಿಗೆ ಮೀಸಲಾದ ಕೋಣೆಯಲ್ಲಿ ದನಿಯ ಅನುರಣನ ಸುಮಾರು ಒಂದು ಸೆಕೆಂಡಿನೊಳಗೆ ಅಡಗಬೇಕೆಂಬುದು ಧ್ವನಿವಿಜ್ಞಾನದ ಸಾಮಾನ್ಯ ನಿಯಮ. ಬರಿಯ ಕಾಂಕ್ರೀಟು ಗೋಡೆ, ಹೊಳೆಯುವ ಟೈಲ್ಸಿನ ನೆಲ, ಎತ್ತರದ ಚಪ್ಪಟೆ ಸೂರು ಸೇರಿದ ಹಾಲಿನಲ್ಲಿ ಒಂದು ಪದ ಮುಗಿಯುವ ಮುನ್ನ ಹಿಂದಿನ ಪದ ಮರಳಿ ಬಂದು ಅದರ ಮೇಲೆ ಬೀಳುತ್ತದೆ. ಚೆಂಡೆಯ ಒಂದು ಪೆಟ್ಟು ಹತ್ತಾಗಿ ಕೇಳುತ್ತದೆ. ಖರ್ಚು ಉಳಿಸಲು ತಗಡಿನ ಮಾಡು ಹಾಕಿದರೆ, ಆಷಾಢದ ಮಳೆಗೆ ಭಾಗವತರ ದನಿಯೂ ಕೇಳಿಸದು. ಒರಟು ಮುರಕಲ್ಲಿನ ಗೋಡೆ, ಮರದ ಅಥವಾ ಬಿದಿರಿನ ಒಳಮಾಳಿಗೆ, ಮೇಲೆ ಹಂಚಿನ ಮಾಡು, ಸುತ್ತ ಅಗಲ ಜಗಲಿ – ಈ ಸೀಮೆಯ ಹಳೆಯ ಮನೆಗಳು ತಿಳಿದಿದ್ದ ಈ ವಿದ್ಯೆ ಹವೆಗೂ ಹಿತ, ಕಿವಿಗೂ ಹಿತ.

ಮಳೆಗಾಲದ ಇನ್ನೊಂದು ಪೀಡೆ ತೇವ. ಮದ್ದಳೆ, ಚೆಂಡೆಗಳ ಚರ್ಮ ಸಡಿಲವಾಗುತ್ತದೆ. ವೇಷದ ಬಟ್ಟೆಗೆ ಬೂಸಲು ಹಿಡಿಯುತ್ತದೆ. ಮರದ ಆಭರಣಗಳಿಗೆ ಅಂಟಿಸಿದ ಹಾಳೆ ಎದ್ದು ಬರುತ್ತದೆ. ಮನೆಮನೆಗಳಲ್ಲಿ ಉಳಿದ ಪ್ರಸಂಗದ ಹಸ್ತಪ್ರತಿಗಳ, ಹಳೆಯ ಕೂಟಗಳ ಕ್ಯಾಸೆಟ್ಟುಗಳ ಗತಿಯೂ ಅದೇ. ಬರಹವಿಲ್ಲದ ಅರ್ಥಗಾರಿಕೆಗೆ ಈ ಕ್ಯಾಸೆಟ್ಟುಗಳೇ ಗ್ರಂಥಗಳು. ಒಬ್ಬ ಸಂಶೋಧಕಿಯಾಗಿ ನನ್ನ ಆಸೆಯನ್ನು ಮರೆಮಾಚುವುದಿಲ್ಲ: ನೆಲದ ತೇವ ತಟ್ಟದಂತೆ ಮೇಲಂತಸ್ತಿನಲ್ಲಿ, ಎರಡು ಬದಿ ಕಿಟಕಿಗಳಿರುವ ಒಂದು ಕೋಣೆಯಲ್ಲಿ ಪೆಟ್ಟಿಗೆಗಳಿಗೂ ಧ್ವನಿಮುದ್ರಣಗಳಿಗೂ ಜಾಗವಿರಲಿ. ವೇದಿಕೆಯ ಪರದೆಗೆ ಮಾಡುವ ಖರ್ಚಿಗಿಂತ ಮೊದಲು ಕ್ಯಾಸೆಟ್ಟುಗಳನ್ನು ಗಣಕಕ್ಕೆ ಇಳಿಸುವ ವೆಚ್ಚ ಬರಲಿ. ಪರದೆಯನ್ನು ಮುಂದಿನ ವರ್ಷವೂ ಕೊಳ್ಳಬಹುದು. ಬೂಸಲು ಹಿಡಿದ ನಾದವನ್ನು ಮರಳಿ ಪಡೆಯಲಾಗದು.

ಪೋಷಕರು ಯಾರು?

ಹಿಂದೆ ಈ ಕಲೆಗೆ ಪ್ರತ್ಯೇಕ ಕೇಂದ್ರ ಏಕೆ ಬೇಕಿರಲಿಲ್ಲ? ದೇವಸ್ಥಾನ, ಮಠ, ಭೂಮಿಯುಳ್ಳ ಮನೆತನಗಳು ಆ ಹೊಣೆ ಹೊತ್ತಿದ್ದವು. ಎಡನೀರು ಮಠ ಇದಕ್ಕೆ ಪ್ರಸಿದ್ಧ ನಿದರ್ಶನ. ಅಲ್ಲಿನ ಕೇಶವಾನಂದ ಭಾರತೀ ಸ್ವಾಮಿಗಳ ಹೆಸರನ್ನು ದೇಶವು 1973ರ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಬಲ್ಲದು. ಕಾಸರಗೋಡು ಅವರನ್ನು ಭಾಗವತಿಕೆ ಬಲ್ಲ, ಯಕ್ಷಗಾನವನ್ನು ಪೋಷಿಸಿದ ಯತಿಗಳಾಗಿಯೂ ಬಲ್ಲದು. ಆ ಮೊಕದ್ದಮೆಯ ಮೂಲದಲ್ಲಿದ್ದದ್ದು ಕೇರಳದ ಭೂಸುಧಾರಣೆ. 1970ರ ಜನವರಿ 1ರಂದು ಆ ರಾಜ್ಯದಲ್ಲಿ ಗೇಣಿ ಪದ್ಧತಿ ಕೊನೆಗೊಂಡಿತು. ಉಳುವವನಿಗೆ ಭೂಮಿ ದೊರೆತದ್ದು ನ್ಯಾಯವೇ. ಅದರೊಂದಿಗೆ ಗೇಣಿಯ ಬಲದಿಂದ ಆಟ ಆಡಿಸುತ್ತಿದ್ದ ಹಳೆಯ ಪೋಷಣೆಯ ವ್ಯವಸ್ಥೆಯೂ ಸಡಿಲಗೊಂಡಿತು. ಹೊಸ ಕಲಾಕೇಂದ್ರವೆಂದರೆ, ಒಬ್ಬ ಧನಿಯ ಚಾವಡಿಯ ಸ್ಥಾನದಲ್ಲಿ ಊರೇ ಧನಿಯಾಗುವ ಏರ್ಪಾಡು.

ಆ ಬದಲಾವಣೆ ನಿಜವಾಗಬೇಕಿದ್ದರೆ ಹಳೆಯ ಚಾವಡಿಯ ಕಟ್ಟುಗಳನ್ನೂ ಕಳಚಬೇಕು. ಜಾತಿಯ ಕಾರಣಕ್ಕೆ ಹೊರಗೆ ನಿಂತು ಕೇಳಿದವರು ಈಗ ಒಳಗೆ ಕುಳಿತು ಮದ್ದಳೆ ಬಾರಿಸಬೇಕು. ಗಂಡಸರದ್ದೇ ಆಗಿದ್ದ ಚೌಕಿಗೆ ಹೆಣ್ಣುಮಕ್ಕಳು ಬಂದಿದ್ದಾರೆ. ಅವರಿಗೆ ಉಡುಗೆ ಬದಲಿಸಲು ಚೌಕಿಗೆ ಹೊಂದಿಕೊಂಡ ಕೋಣೆ, ನೀರು, ಶೌಚಾಲಯ ಇರಬೇಕು. ಆದರೆ ಬಣ್ಣ ಬರೆದುಕೊಳ್ಳುವಾಗ ಅವರ ಸ್ಥಾನ ಎಲ್ಲರೊಂದಿಗೆ ಸಾಲಿನಲ್ಲೇ ಇರಲಿ. ಪ್ರತ್ಯೇಕ ಕೋಣೆಗೆ ಕಳುಹಿಸಿದರೆ ಅವರನ್ನು ಪಾಠಶಾಲೆಯಿಂದಲೇ ಹೊರಗಿಟ್ಟಂತೆ.

ಭಾಷೆಯ ವಿಷಯದಲ್ಲೂ ಇದೇ ಔದಾರ್ಯ ಬೇಕು. ಯಕ್ಷಗಾನ ತುಳುವಿನಲ್ಲಿ ಬೆಳೆದಿದೆ, ಮಲಯಾಳದಲ್ಲೂ ಆಡಲ್ಪಟ್ಟಿದೆ. ಪಕ್ಕದ ಮನೆಯ ಮಲಯಾಳಿ ಮಗು ಚೆಂಡೆ ಕಲಿಯಲು ಬಂದರೆ ಅದು ಕನ್ನಡಕ್ಕೆ ಲಾಭವೇ. ಬಾಗಿಲ ಮೇಲಿನ ಫಲಕ ಎರಡು ಲಿಪಿಗಳಲ್ಲಿರಲಿ; ಒಳಗಿನ ಅರ್ಥಗಾರಿಕೆ ಶುದ್ಧ ಕನ್ನಡದಲ್ಲಿರಲಿ. ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಮನೆಯ ಆವರಣದಲ್ಲಿ ರೂಪುಗೊಂಡ, ಅವರ 1930ರ ಕವನಸಂಕಲನದ ಹೆಸರನ್ನೇ ಹೊತ್ತ ‘ಗಿಳಿವಿಂಡು’ ಕೇರಳ, ಕರ್ನಾಟಕ ಎರಡೂ ಸರಕಾರಗಳು ಕೈಜೋಡಿಸಿದ ಯೋಜನೆ. ಬಹುಭಾಷಾ ಪಂಡಿತನ ಮನೆ ಎರಡು ರಾಜ್ಯಗಳ ಸೇತುವೆಯಾಗಬಲ್ಲದಾದರೆ ಸಣ್ಣ ಊರಿನ ಕೇಂದ್ರವೂ ತನ್ನ ಮಟ್ಟಿಗೆ ಆಗಬಲ್ಲದು.

ಕಟ್ಟುವುದಕ್ಕಿಂತ ನಡೆಸುವುದು

ಮೂರು ಹಳೆಯ ಪ್ರಯೋಗಗಳಿಂದ ಕಲಿಯುವುದಿದೆ. ಹೆಗ್ಗೋಡಿನ ನೀನಾಸಮ್ ಹುಟ್ಟಿದ್ದು 1949ರಲ್ಲಿ. ಅಲ್ಲಿ ಶಿವರಾಮ ಕಾರಂತ ರಂಗಮಂದಿರ ಎದ್ದದ್ದು 1972ರಲ್ಲಿ. ಅಂದರೆ ಕಟ್ಟಡಕ್ಕೆ ಮೊದಲು ಎರಡು ದಶಕಗಳ ಚಟುವಟಿಕೆ, ನೋಡುವ ಜನ, ಮಾಡುವ ಜನ ಸಿದ್ಧರಾಗಿದ್ದರು. ಉಡುಪಿಯಲ್ಲಿ 1971ರಲ್ಲಿ ತೊಡಗಿದ ಯಕ್ಷಗಾನ ಕೇಂದ್ರದ ಬಲ, ಗುರುವಿನೊಂದಿಗೆ ಶಿಷ್ಯರು ವಾಸಿಸಿ ಕಲಿಯುವ ಗುರುಕುಲ ಕ್ರಮ. ಕೇರಳದೊಳಗೇ 1930ರಲ್ಲಿ ಕವಿ ವಳ್ಳತ್ತೋಳರ ಮುಂದಾಳುತನದಲ್ಲಿ ಸ್ಥಾಪನೆಯಾದ ಕಲಾಮಂಡಲಂ ತನ್ನ ಕೂತ್ತಂಬಲವನ್ನು ಪಡೆದದ್ದು ದಶಕಗಳ ಬಳಿಕ. ದೇವಾಲಯಗಳ ಹಳೆಯ ಕೂತ್ತಂಬಲಗಳ ಅಳತೆ, ದನಿ, ದೀಪದ ಬೆಳಕುಗಳನ್ನು ಅಭ್ಯಸಿಸಿ ಅದನ್ನು ರೂಪಿಸಲಾಯಿತು. ನಮ್ಮ ನಡುವೆಯೇ ದೇಲಂಪಾಡಿಯ ಬನಾರಿಯಲ್ಲಿ ಕೀರಿಕ್ಕಾಡು ವಿಷ್ಣು ಭಟ್ಟರು ಬೆಳೆಸಿದ ಕಲಾಸಂಘ, ಒಬ್ಬ ಶ್ರದ್ಧಾವಂತ ಮೇಷ್ಟ್ರು ಒಂದು ಮೂಲೆಯ ಊರಿನಲ್ಲಿ ಏನು ಮಾಡಬಲ್ಲರೆಂಬುದನ್ನು ತೋರಿಸಿತು.

ಈ ಪಾಠಗಳನ್ನು ಕಾಸರಗೋಡಿನ ಸಣ್ಣ ಊರಿಗೆ ಅನ್ವಯಿಸಿದರೆ ಕ್ರಮ ಹೀಗಾಗುತ್ತದೆ. ಅಡಿಗಲ್ಲಿಗೆ ಮೊದಲು ಒಂದು ವರ್ಷ, ಶಾಲೆಯ ಕೋಣೆಯಲ್ಲೇ ವಾರಕ್ಕೊಂದು ತರಗತಿ, ತಿಂಗಳಿಗೊಂದು ಕೂಟ ನಡೆಯಲಿ. ಎಷ್ಟು ಜನ ಬರುತ್ತಾರೆ, ಯಾವ ದಿನ ಬರುತ್ತಾರೆ, ಮಕ್ಕಳನ್ನು ಯಾರು ಕರೆತರುತ್ತಾರೆ ಎಂಬ ಲೆಕ್ಕ ನಕಾಶೆಗೆ ಆಧಾರವಾಗಲಿ. ಸಂಘವನ್ನು ಮೊದಲೇ ನೋಂದಾಯಿಸಬೇಕು. ಹಿಂದಿನ ಮಲಬಾರ್ ಪ್ರದೇಶಕ್ಕೆ ಸೇರಿದ ಕಾರಣ ಇಲ್ಲಿ 1860ರ ಸಂಘಗಳ ನೋಂದಣಿ ಕಾಯ್ದೆಯೇ ಅನ್ವಯ. ದಾನಪತ್ರ ವ್ಯಕ್ತಿಯ ಹೆಸರಿಗಲ್ಲ, ಸಂಘದ ಹೆಸರಿಗೆ ಆಗಬೇಕು. ಎಷ್ಟೋ ಒಳ್ಳೆಯ ಸಂಕಲ್ಪಗಳು ದಾನಿಯ ಮಕ್ಕಳ ಕಾಲಕ್ಕೆ ನ್ಯಾಯಾಲಯ ಸೇರುವುದು ಈ ಒಂದು ಎಚ್ಚರ ತಪ್ಪಿದ್ದರಿಂದ. 2010ರ ಕಾಯ್ದೆಯಂತೆ ರಚಿತವಾದ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಗಡಿಯಾಚೆಯ ಕನ್ನಡ ಸಂಸ್ಥೆಗಳಿಗೂ ನೆರವು ನೀಡುತ್ತ ಬಂದಿದೆ. ಕೇರಳದಲ್ಲಿ ಗ್ರಾಮ ಪಂಚಾಯತಿಗೆ ಯೋಜನೆ ರೂಪಿಸುವ ಅಧಿಕಾರವಿದೆ. ಹಳ್ಳಿಹಳ್ಳಿಯಲ್ಲೂ ಗ್ರಂಥಾಲಯ ನಡೆಸುವ ಬಲವಾದ ಚಳವಳಿಯೂ ಇದೆ. ಕೇಂದ್ರದೊಳಗೆ ಕನ್ನಡ ವಾಚನಾಲಯವೊಂದನ್ನು ಸೇರಿಸಿ ಅದನ್ನು ಆ ಚಳವಳಿಯ ಭಾಗವಾಗಿಸಿದರೆ, ಆಟವಿಲ್ಲದ ದಿನವೂ ಬಾಗಿಲು ತೆರೆದಿರುತ್ತದೆ.

ಅನುದಾನ ಕಟ್ಟಡಕ್ಕೆ ಬರುತ್ತದೆ. ಗುರುವಿನ ಸಂಬಳಕ್ಕೆ, ಕರೆಂಟು ಬಿಲ್ಲಿಗೆ, ಹಂಚು ಮಗುಚಲು ಬರುವುದಿಲ್ಲ. ಆದುದರಿಂದ ಸಂಗ್ರಹವಾದ ಹಣದ ಒಂದು ಪಾಲನ್ನು ನಿಧಿಯಾಗಿ ಬೇರೆ ಇಟ್ಟು, ಉಳಿದುದರಲ್ಲಿ ಕಟ್ಟಬಹುದಾದಷ್ಟನ್ನೇ ಕಟ್ಟುವುದು ಲೇಸು. ಮದುವೆಗೆ ಬಾಡಿಗೆ ಕೊಡಬಾರದೆಂದು ಹಟ ಹಿಡಿಯಬೇಕಿಲ್ಲ. ಆದರೆ ತರಗತಿಯ ದಿನಗಳನ್ನು ವರ್ಷದ ಆರಂಭದಲ್ಲೇ ಬರೆದು ಗೋಡೆಗೆ ತೂಗುಹಾಕಿ, ಆ ದಿನಗಳನ್ನು ಯಾವ ಬಾಡಿಗೆಗೂ ಬಿಟ್ಟುಕೊಡದಿರುವ ನಿಯಮ ಸಂಘದ ನಿಯಮಾವಳಿಯಲ್ಲೇ ಇರಬೇಕು.

ಬೇರೆ ಗಡಿಗಳಿಗೆ

ಅಕ್ಕಲಕೋಟೆ, ಜತ್ತಗಳಲ್ಲಿ ಚೌಕಿ ಬೇಕಿಲ್ಲ. ಅಲ್ಲಿ ಭಜನೆಯ ಮೇಳ ದುಂಡಗೆ ಕೂರುವ ಕಟ್ಟೆ ಬೇಕಾದೀತು. ಆದವಾನಿ, ರಾಯದುರ್ಗದ ಕಡೆ ಬಯಲಾಟದ ಹೆಜ್ಜೆಯ ಸದ್ದು ಕೇಳುವಂಥ ಹಲಗೆಯ ಅಟ್ಟ ಬೇಕಾದೀತು. ಮಾದೇಶ್ವರನ ಒಕ್ಕಲಿರುವ ತಾಳವಾಡಿಯಲ್ಲಿ, ಇಡೀ ರಾತ್ರಿ ಕಥೆ ಹಾಡುವವರೂ ಕೇಳುವವರೂ ತಂಗಲು ಜಗಲಿ, ಒಲೆ ಬೇಕಾದೀತು. ಉತ್ತರಗಳು ಬೇರೆಯಾದರೂ ಪ್ರಶ್ನೆಗಳು ಒಂದೇ: ಇಲ್ಲಿ ಕಲೆಯನ್ನು ಯಾರು, ಎಲ್ಲಿ ಕುಳಿತು ಕಲಿಯುತ್ತಾರೆ? ವರ್ಷದ ಯಾವ ತಿಂಗಳಲ್ಲಿ ಜನಕ್ಕೆ ಬಿಡುವು? ಇಲ್ಲಿ ಕನ್ನಡವನ್ನು ಕಿವಿಗೊಟ್ಟು ಕೇಳುವ ಸಂದರ್ಭ ಯಾವುದು? ಇವನ್ನು ಎಂಜಿನಿಯರರಿಗೆ ಹೇಳಬೇಕಾದವರು ಕಲಾವಿದರು. ಆದುದರಿಂದ ಕಟ್ಟಡ ಸಮಿತಿಯಲ್ಲಿ ಮೊದಲ ಕುರ್ಚಿ ಅವರದ್ದು.

ಆ ಸಂಜೆಯ ಸಭೆಯಲ್ಲಿ ನಗು ಅಡಗಿದ ಮೇಲೆ ತರುಣ ಎಂಜಿನಿಯರರು ನಕಾಶೆಯನ್ನು ಮಡಚಿಟ್ಟರು. “ಚೌಕಿಗೆ ಒಬ್ಬೊಬ್ಬರಿಗೆ ಎಷ್ಟು ಅಡಿ ಬೇಕು, ಹೇಳಿ” ಎಂದು ಹಿರಿಯರನ್ನೇ ಕೇಳಿದರು. ಅವರು ಅಂಕಿ ಹೇಳಲಿಲ್ಲ. ಜಗಲಿಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು. ಎದುರಿಗೆ ಇಲ್ಲದ ಕನ್ನಡಿಯನ್ನಿಟ್ಟರು, ಪಕ್ಕದಲ್ಲಿ ಇಲ್ಲದ ಪೆಟ್ಟಿಗೆಯನ್ನು ತೆರೆದರು, ಎರಡೂ ಮೊಣಕೈ ಚಾಚಿ ಮುಖಕ್ಕೆ ಬಣ್ಣ ಬರೆಯುವಂತೆ ಬೆರಳಾಡಿಸಿದರು. ಎಂಜಿನಿಯರರು ಬಗ್ಗಿ ಟೇಪು ಹಿಡಿದರು. ಶಾಲೆಯ ಇಬ್ಬರು ಮಕ್ಕಳು ಹತ್ತಿರ ಬಂದು ಅವರ ಪಕ್ಕದಲ್ಲಿ ಸಾಲಾಗಿ ಕುಳಿತರು.